ಹತ್ತಿ ಬಿಲ್ಲೆಯೊಳಗಿನ ಸೂಜಿ

ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹತ್ತು ನಲವತ್ತಕ್ಕೆ ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸೊಬ್ಬಳು ಠಾಣೆಗೆ ಬಂದಳು. ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಇನ್‌ಸ್ಪೆಕ್ಟರ ಮೇಜಿನ ಮೇಲೆ ಕುಕ್ಕಿದಳು.

"ಮೊದಲು ಇದನ್ನ ನೋಡಿ ಸಾರ್. ಆಮೇಲೆ ಬೈಯಿರಿ."

"ಬೈಯೋದ್ಯಾಕಮ್ಮ?"

"ಬೀದಿಯವರೆಲ್ಲಾ ಬೈದಾಯ್ತು. ನೀವೊಬ್ಬರು ಬಾಕಿ."

ಡಬ್ಬಿಯೊಳಗೆ ಮೇಕಪ್ ಒರೆಸುವ ಹತ್ತಿ ಬಿಲ್ಲೆಗಳ ಚೀಲವಿತ್ತು. ಬಿಸ್ಕತ್ತಿನಷ್ಟು ಅಗಲದ ದುಂಡು ಬಿಲ್ಲೆಗಳು, ಒಂದರ ಮೇಲೊಂದು ಎಂಬತ್ತು, ಉದ್ದನೆಯ ಪ್ಲಾಸ್ಟಿಕ್ ಚೀಲ, ಬಾಯಿಗೊಂದು ಎಳೆದಾರ. ಒಮ್ಮೆ ಒರೆಸಿ ಬಿಸಾಡುವ ಸಾಮಾನು. ಚೀಲದ ಪಕ್ಕದಲ್ಲಿ ಬಿಡಿಯಾಗಿ ಒಂದು ಬಿಲ್ಲೆ ಬಿದ್ದಿತ್ತು. ಅದರ ಮೇಲೆ ಒಣಗಿದ ರಕ್ತ. ಹತ್ತಿಯ ನಡುವಿನಿಂದ ಅರ್ಧ ಅಂಗುಲದ ಸೂಜಿಯ ತುಂಡು ಇಣುಕುತ್ತಿತ್ತು.

ಹಿಂದಿನ ದಿನ ಪಾರ್ಲರಿಗೆ ಬಂದವಳು ಬಸ್ ಓಡಿಸುವ ಹೆಂಗಸು. ತಮ್ಮನ ಮದುವೆಗೆಂದು ರಜೆ ಹಾಕಿ, ಜನ್ಮದಲ್ಲಿ ಮೊದಲ ಸಲ ಕಣ್ಣಿಗೆ ಬಣ್ಣ ಹಾಕಿಸಿಕೊಂಡಿದ್ದಳು. ಬಣ್ಣ ಜಾಸ್ತಿಯಾಯಿತೆಂದು ಒರೆಸಲು ಹೋದಾಗ ಎಡಗಣ್ಣಿನ ರೆಪ್ಪೆ ಸೀಳಿ, ಕರಿಗುಡ್ಡೆಯ ಮೇಲೆ ಗೀರು ಬಿದ್ದಿತ್ತು.

ಇನ್‌ಸ್ಪೆಕ್ಟರು ಹನ್ನೊಂದೂ ಇಪ್ಪತ್ತೈದಕ್ಕೆ ಎಫ್‌ಐಆರ್ ಬರೆಸಿ, ಪಂಚರ ಎದುರು ಚೀಲ ಮತ್ತು ಬಿಲ್ಲೆಯನ್ನು ಮೊಹರು ಮಾಡಿಸಿ, ನೇರ ಕಣ್ಣಾಸ್ಪತ್ರೆಗೆ ಹೋದರು. ಡ್ರೈವರಮ್ಮ ಮುಖದ ಅರ್ಧಕ್ಕೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಳು. ಅತ್ತಿರಲಿಲ್ಲ.

"ಡಾಕ್ಟರು ಏನಂದ್ರಮ್ಮ?"

"ಕಲೆ ಉಳಿಯಬಹುದು ಅಂದ್ರು. ಮಂಜಿನಲ್ಲಿ ನೋಡಿದ ಹಾಗೆ ಕಾಣುತ್ತಂತೆ." ಪಟ್ಟಿಯ ಅಂಚು ಮುಟ್ಟಿ ನೋಡಿಕೊಂಡಳು. "ಬಸ್ಸಿಗೆ ಎರಡೂ ಕಣ್ಣು ಬೇಕು ಸಾರ್. ಒಂದೂವರೆ ಕಣ್ಣಿಗೆ ಲೈಸೆನ್ಸ್ ಕೊಡಲ್ಲ."

ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು. ಆ ಸಿಟ್ಟನ್ನು ಜೀಪಿನ ಬಾಗಿಲ ಮೇಲೆ ತೀರಿಸಿಕೊಂಡರು.

ಕಾರ್ಖಾನೆ ಊರಂಚಿನಲ್ಲಿತ್ತು. ಮ್ಯಾನೇಜರ್ ಚೀಲದ ಮೇಲಿನ ನಂಬರು ನೋಡಿ, ಅದು ಒಂಬತ್ತನೇ ತಾರೀಖು ಮಧ್ಯಾಹ್ನದ ಮಾಲು, ಪೂರ್ತಿ ಹೊಸ ಪ್ಯಾಕಿಂಗ್ ಯಂತ್ರದಲ್ಲೇ ತುಂಬಿದ್ದು, ಕೈಯಲ್ಲಿ ತುಂಬಿದ್ದಕ್ಕೆ ಬೇರೆ ನಂಬರು ಎಂದ. ಆ ಮಾಲು ಹೋದ ಹನ್ನೊಂದು ಅಂಗಡಿಗಳ ಪಟ್ಟಿ ಕೊಟ್ಟ. ಪೇದೆಗಳು ಅಂಗಡಿಗಳಿಗೆ ಓಡಿದರು. ಚೀಲ ಬಿಚ್ಚದೆ ಸೂಜಿ ಹುಡುಕುವುದು ಹೇಗೆ ಎಂದು ಉಳಿದವರು ತಲೆ ಕೆರೆದುಕೊಳ್ಳುವಾಗ ಮುಖ್ಯ ಪೇದೆ ಒಂದು ಉಪಾಯ ಮಾಡಿದಳು. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದ ಆಕೆಯನ್ನು ಠಾಣೆಯವರೆಲ್ಲಾ ಕನ್ನಡಕದಮ್ಮ ಎನ್ನುತ್ತಿದ್ದರು. ಹಳೇ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ದಾರಕ್ಕೆ ಕಟ್ಟಿ, ಒಂದೊಂದೇ ಚೀಲದ ಪಕ್ಕ ಇಳಿಬಿಟ್ಟಳು. ಬುಧವಾರ ಸಂಜೆ ಆರರ ಹೊತ್ತಿಗೆ ಒಂಬೈನೂರಕ್ಕೂ ಹೆಚ್ಚು ಚೀಲ ನೋಡಿದ್ದಾಯಿತು. ಮೂರರ ಪಕ್ಕದಲ್ಲಿ ಅಯಸ್ಕಾಂತ ವಾಲಿ ಅಂಟಿಕೊಂಡಿತು.

ಮೊದಲಿನದೂ ಸೇರಿ ನಾಲ್ಕು. ಉಳಿದ ಮಾಲು ಆಗಲೇ ಮಾರಾಟವಾಗಿತ್ತು. ಚೀಲ ವಾಪಸು ಕೊಡಿ ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರು, ಪತ್ರಿಕೆಗೆ ಕೊಟ್ಟರು.

"ಇನ್ನೆಷ್ಟು ಇವೆಯೋ ಸಾರ್," ಎಂದಳು ಕನ್ನಡಕದಮ್ಮ.

"ಅದು ಹಾಕಿದವನಿಗೊಬ್ಬನಿಗೇ ಗೊತ್ತು."

"ಹಾಕಿದ್ದೇ ಅಂತೀರಾ? ಯಂತ್ರದ್ದು ಮುರಿದು ಬಿದ್ದಿರಬಾರದಾ?"

ಇನ್‌ಸ್ಪೆಕ್ಟರು ಪ್ರಯೋಗಾಲಯದ ಚೀಟಿಯನ್ನು ಅವಳತ್ತ ತಳ್ಳಿದರು. ಚೀಲದ ಬದಿ ಸೀಳಿ, ಬಿಲ್ಲೆಗಳ ಸಾಲು ಕೆಡದಂತೆ ಸೂಜಿಗಳನ್ನು ತೆಗೆದು ನೋಡಿದ್ದರು. ನಾಲ್ಕೂ ತುಂಡುಗಳನ್ನು ಇಕ್ಕಳದಿಂದ ಕತ್ತರಿಸಲಾಗಿತ್ತು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಇಬ್ಬರೂ ಮತ್ತೆ ಕಾರ್ಖಾನೆಗೆ ಹೋದರು. ಮೊದಲ ಹಜಾರದಲ್ಲಿ ಹಿಂಜಿದ ಹತ್ತಿ ಕಂಬಳಿಯಂತೆ ಹಾಸಿಕೊಂಡು ಬರುತ್ತಿತ್ತು. ಸಾವಿರಾರು ಮುಳ್ಳುಸೂಜಿಗಳು ಅದನ್ನು ಚುಚ್ಚಿ ಚುಚ್ಚಿ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತಿದ್ದವು. ಮುಂದೆ ಅಚ್ಚು ಬಿದ್ದು ಬಿಲ್ಲೆಗಳು ಉದುರುತ್ತಿದ್ದವು, ಒಂದು ಮುಖ ನುಣುಪು, ಇನ್ನೊಂದು ಮುಖದಲ್ಲಿ ಸಣ್ಣ ಗೀರುಗಳು. ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್ಕನ ರೆಪ್ಪೆಯ ಮೇಲೂ ಹತ್ತಿಯ ಧೂಳು.

"ಸವೆದ ಸೂಜಿ ಏನ್ ಮಾಡ್ತೀಯ?" ಎಂದು ಇನ್‌ಸ್ಪೆಕ್ಟರು ಅವನನ್ನು ಕೇಳಿದರು.

"ಈ ಡಬ್ಬೀಲಿ ಹಾಕ್ತೀನಿ ಸಾರ್."

"ಬೀಗ?"

"ಚಿನ್ನ ಏನ್ ಸಾರ್ ಬೀಗ ಹಾಕೋಕೆ? ನೀರು ಕುಡಿಯೋಕೆ ಬರೋರೆಲ್ಲಾ ಈ ಬೆಂಚಿನ ಪಕ್ಕದಲ್ಲೇ ಓಡಾಡ್ತಾರೆ."

"ಇಕ್ಕಳ?"

"ಅದೂ ಇಲ್ಲೇ ಬಿದ್ದಿರುತ್ತೆ. ನನ್ನನ್ನ ಹಿಡಿಯೋದಾದ್ರೆ ಊಟ ಆದ್ಮೇಲೆ ಹಿಡೀರಿ."

ಪ್ಯಾಕಿಂಗ್ ಹಜಾರದ ಕೊನೆಯಲ್ಲಿ ಲೋಹ ಪತ್ತೆಯ ಕಮಾನು ಇತ್ತು. ತುಂಬಿದ ಚೀಲಗಳೆಲ್ಲಾ ಬೆಲ್ಟಿನ ಮೇಲೆ ಅದರಡಿ ತೂರಿ ಹೋಗಬೇಕು. "ಒಂದು ಗುಂಡುಸೂಜಿ ಆಚೆ ಹೋಗಲ್ಲ ಸಾರ್ ನಮ್ಮಲ್ಲಿ," ಎಂದ ಮ್ಯಾನೇಜರ್. ಕನ್ನಡಕದಮ್ಮ ತಲೆಯಿಂದ ಒಂದು ಹೇರ್‌ಪಿನ್ ತೆಗೆದು ಚೀಲದೊಳಗೆ ಸಿಕ್ಕಿಸಿ ಬೆಲ್ಟಿನ ಮೇಲಿಟ್ಟಳು. ಕಮಾನು ಕಿವಿ ತೂತಾಗುವಂತೆ ಕಿರುಚಿತು. ಬೆಲ್ಟು ನಿಂತಿತು.

"ಚೆನ್ನಾಗಿದೆ," ಎಂದರು ಇನ್‌ಸ್ಪೆಕ್ಟರು. "ಒಂಬತ್ತನೇ ತಾರೀಖು ಇದು ಎಲ್ಲಿ ಹೋಗಿತ್ತು? ಮಾವನ ಮನೆಗಾ?"

ಮ್ಯಾನೇಜರ್ ಬೆಲ್ಟಿನ ಮೇಲಿದ್ದ ಚೀಲವನ್ನು ಎತ್ತಿಕೊಂಡ. "ಅವತ್ತು... ಅವತ್ತು ಸೆನ್ಸರ್ ಕೆಟ್ಟಿತ್ತು ಸಾರ್. ಸುಮ್ಮಸುಮ್ಮನೆ ಬಡ್ಕೊಳ್ತಿತ್ತು. ಲಾರಿ ಬೇರೆ ಬಂದು ನಿಂತಿತ್ತು. ಆಫ್ ಮಾಡಿಸ್ದೆ."

"ಎಷ್ಟು ಸಲ ಬಡ್ಕೊಳ್ತು?"

"ನಾಲ್ಕು ಸಲ."

"ಆ ನಾಲ್ಕು ಚೀಲದಲ್ಲಿ ಒಂದನ್ನಾದರೂ ಬಿಚ್ಚಿ ನೋಡಿದ್ರಾ?"

"ಲಾರಿ ಕಾಯ್ತಿತ್ತಲ್ಲಾ ಸಾರ್."

"ಸೆನ್ಸರ್ ಕೆಟ್ಟಿರಲಿಲ್ಲ ಕಣಯ್ಯಾ! ಅದು ಕೆಲಸ ಮಾಡ್ತಿತ್ತು! ನಿನ್ನ ಕಾರ್ಖಾನೇಲಿ ಅವತ್ತು ನೆಟ್ಟಗೆ ಕೆಲಸ ಮಾಡ್ತಿದ್ದದ್ದು ಅದೊಂದೇ!"

ಯಂತ್ರಗಳ ಸದ್ದಿನ ಮೇಲೂ ಈ ಮಾತು ಹಜಾರದ ತುದಿಗೆ ಕೇಳಿಸಿತು. ಕೈಯಲ್ಲಿ ಪ್ಯಾಕ್ ಮಾಡುವ ಹೆಂಗಸರು ಹದಿನಾರು ಜನ ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು.

ಇನ್‌ಸ್ಪೆಕ್ಟರು ಕೂಗಾಡುತ್ತಿದ್ದಾಗ ಕನ್ನಡಕದಮ್ಮ ಅಂಗಡಿಗಳಲ್ಲಿ ಸಿಕ್ಕ ಮೂರು ಚೀಲಗಳನ್ನು ಬೇರೆ ಚೀಲಗಳ ಪಕ್ಕದಲ್ಲಿಟ್ಟು ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಸಾರ್, ಇಲ್ಲಿ ಬನ್ನಿ. ಯಂತ್ರ ತುಂಬಿದ ಚೀಲದಲ್ಲಿ ಎಲ್ಲಾ ಬಿಲ್ಲೆಗೂ ಗೀರಿನ ಮುಖ ಮೇಲಿದೆ. ಈ ಮೂರರಲ್ಲಿ ಬಾಯಿ ಹತ್ತಿರದ ಒಂದು ಬಿಲ್ಲೆ ಮಾತ್ರ ತಿರುಗಿದೆ. ನುಣುಪು ಮುಖ ಮೇಲೆ."

"ಯಂತ್ರ ತಿರುಗಿಸಿರಬಹುದಲ್ಲಾ?"

ಹಿಂದೆ ನಿಂತಿದ್ದ ಮೆಕ್ಯಾನಿಕ್ ನಕ್ಕ. "ಯಂತ್ರಕ್ಕೆ ತಿರುಗಿಸೋಕೆ ಬರಲ್ಲ ಸಾರ್. ಅದು ಬರೀ ತಳ್ಳುತ್ತೆ."

ಕನ್ನಡಕದಮ್ಮ ಉದ್ದನೆಯ ಮೇಜಿನ ಹತ್ತಿರ ಹೋಗಿ ನಿಂತಳು. ಹೆಂಗಸರ ಕೈಗಳು ಕಣ್ಣಿಗೆ ಸಿಗದಷ್ಟು ಚುರುಕಾಗಿ ಓಡುತ್ತಿದ್ದವು. ಎಣಿಸುವುದಿಲ್ಲ, ಗೇಣಿನಲ್ಲಿ ಅಳೆದರೆ ಸರಿಯಾಗಿ ಎಂಬತ್ತು. ಚೀಲಕ್ಕೆ ಇಳಿಸಿ, ಕೊನೆಯ ಬಿಲ್ಲೆಯನ್ನು ಹೆಬ್ಬೆರಳಿನಿಂದ ಪಟ್ಟನೆ ಮಗುಚಿ, ದಾರ ಎಳೆಯುತ್ತಿದ್ದರು. ಪ್ರತಿಯೊಬ್ಬಳೂ ಹಾಗೆಯೇ.

"ಯಾಕಮ್ಮ ಹಾಗೆ ಮಗುಚೋದು?"

"ಗೀರಿನ ಮುಖ ಮೇಲಿದ್ರೆ ದಾರಕ್ಕೆ ಹತ್ತಿ ಸಿಕ್ಕೊಂಡು ಗಂಟಾಗುತ್ತೆ ಅಕ್ಕಾ," ಎಂದಳು ತುದಿಯಲ್ಲಿದ್ದವಳು. "ನಮ್ಮ ದೊಡ್ಡಕ್ಕ ಕಲಿಸಿದ್ದು. ಮಗುಚದಿದ್ರೆ ಬೆರಳಿಗೆ ಒಂದು ಬಿಡೋರು."

"ದೊಡ್ಡಕ್ಕ ಎಲ್ಲಿ?"

"ಈಗ ಆಫೀಸರ್ ಆಗಿದ್ದಾರೆ ಬಿಡಿ." ಮೇಜಿನ ಸುತ್ತ ನಗು ಹರಿಯಿತು. "ಯಂತ್ರದ ಹತ್ತಿರ ಕೂತು ಐವತ್ತಕ್ಕೊಂದು ಚೀಲ ಬಿಚ್ಚಿ ನೋಡೋ ಕೆಲಸ."

ಕಮಾನಿನ ಈಚೆ ಪುಟ್ಟ ಮೇಜೊಂದರ ಹಿಂದೆ ಐವತ್ತು ದಾಟಿದ ಹೆಂಗಸು ಕೂತಿದ್ದಳು. ಇಪ್ಪತ್ತೆರಡು ವರ್ಷ ಇದೇ ಹಜಾರದಲ್ಲಿ ಕೈಯಲ್ಲಿ ತುಂಬಿದವಳು. ತಪಾಸಣೆ ಪುಸ್ತಕದಲ್ಲಿ ಒಂಬತ್ತನೇ ತಾರೀಖಿನ ಮಧ್ಯಾಹ್ನದ ಪುಟದ ತುಂಬಾ ಅವಳದೇ ಸಹಿ. ಯಂತ್ರ ತುಂಬಿದ ಚೀಲವನ್ನು ಬಿಚ್ಚಿ ಮತ್ತೆ ಕಟ್ಟುವ ಹಕ್ಕು ಆ ಹೊತ್ತಿನಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಇನ್‌ಸ್ಪೆಕ್ಟರು ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. ಮೂರು ಚೀಲಗಳನ್ನು, ತಿರುಗಿದ ಬಿಲ್ಲೆ ಅವಳ ಕಡೆಗೆ ಕಾಣುವಂತೆ, ಮೇಜಿನ ಮೇಲಿಟ್ಟರು. ಸಮಯ ಹನ್ನೊಂದೂ ಐದು. ದೊಡ್ಡಕ್ಕ ಚೀಲಗಳನ್ನು ನೋಡಿದಳು, ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

"ಯಾರು ಅಂತ ಕೇಳ್ತಿಲ್ಲ ದೊಡ್ಡಕ್ಕಾ," ಎಂದರು ಇನ್‌ಸ್ಪೆಕ್ಟರು. ದನಿ ಏರಿರಲಿಲ್ಲ. "ಎಷ್ಟು ಅಂತ ಕೇಳ್ತಿದ್ದೀನಿ."

"ಆರು."

"ನಾಲ್ಕು ಸಿಕ್ಕಿವೆ."

"ಇನ್ನೆರಡು ಹಳದಿ ಪಟ್ಟಿ ಪೆಟ್ಟಿಗೇಲಿ ಹೋದವು. ಅದರೊಳಗೆ ಬಿದ್ದದ್ದು ನೋಡಿದೆ."

"ಹಳದಿ ಪಟ್ಟಿ ಅಂದ್ರೆ?"

ಪಕ್ಕದಲ್ಲಿದ್ದ ಮೆಕ್ಯಾನಿಕ್ ಹೇಳಿದ: "ಹೆರಿಗೆ ಆಸ್ಪತ್ರೆಯ ಮಾಲು ಸಾರ್. ಹುಟ್ಟಿದ ಕೂಸುಗಳ ಕಣ್ಣು ಒರೆಸೋಕೆ ತಗೊಳ್ತಾರೆ."

ಮ್ಯಾನೇಜರ್ ಕೊಟ್ಟ ಪಟ್ಟಿಯಲ್ಲಿ ಆಸ್ಪತ್ರೆ ಇರಲಿಲ್ಲ. ವಿಷಯ ಗೊತ್ತಾದರೆ ಆಸ್ಪತ್ರೆಯವರು ಕೈಬಿಡುತ್ತಾರೆಂದು ಆ ಮಹಾನುಭಾವ ಎರಡು ದಿನ ನುಂಗಿಕೊಂಡು ಕೂತಿದ್ದ. ಇನ್‌ಸ್ಪೆಕ್ಟರು ಅವನ ಕೊರಳಪಟ್ಟಿಗೆ ಕೈ ಹಾಕಿ, ಹಾಕಿದ ಕೈಯನ್ನು ತಾವೇ ಹಿಂದಕ್ಕೆ ಎಳೆದುಕೊಂಡರು. ಕನ್ನಡಕದಮ್ಮ ಆಗಲೇ ಜೀಪಿನಲ್ಲಿದ್ದಳು. ಒಬ್ಬ ಪೇದೆ ಆಸ್ಪತ್ರೆಗೆ ಫೋನು ಮಾಡುತ್ತಾ ಅವಳ ಹಿಂದೆ ಓಡಿದ.

ಒಂದು ಚೀಲ ಆಸ್ಪತ್ರೆಯ ಉಗ್ರಾಣದಲ್ಲೇ ಸಿಕ್ಕಿತು. ಇನ್ನೊಂದು ವಾರ್ಡಿನಲ್ಲಿ, ಚಕ್ರದ ಮೇಜಿನ ಮೇಲೆ, ಬಿಸಿನೀರಿನ ಬಟ್ಟಲಿನ ಪಕ್ಕದಲ್ಲಿತ್ತು. ದಾರ ಸಡಿಲಿಸಿ ಮೇಲಿನ ಒಂದು ಬಿಲ್ಲೆಯನ್ನು ನರ್ಸು ತೆಗೆದಾಗಿತ್ತು. ಸೂಜಿ ಅದರ ಕೆಳಗಿನದರಲ್ಲಿತ್ತು. ಹನ್ನೊಂದು ಐವತ್ತಕ್ಕೆ ಕನ್ನಡಕದಮ್ಮ ಫೋನು ಮಾಡಿದಾಗ ಉಸಿರು ಸಿಗದೆ ಒಂದೇ ಮಾತು ಹೇಳಿದಳು: "ಸಿಕ್ತು ಸಾರ್."

ಇನ್‌ಸ್ಪೆಕ್ಟರು ಆ ಮಾತನ್ನು ದೊಡ್ಡಕ್ಕನಿಗೆ ದಾಟಿಸಿದರು. ಅಲ್ಲಿಯವರೆಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದವಳು ಮೇಜಿನ ಮೇಲೆ ಹಣೆ ಇಟ್ಟಳು.

ಪಂಚನಾಮೆ ಮುಗಿಸಿ, ಮಧ್ಯಾಹ್ನ ಮೂರೂ ಹದಿನೈದಕ್ಕೆ ಅವಳನ್ನು ಬಂಧಿಸಲಾಯಿತು. ಮಾಹಿತಿ ಮುಚ್ಚಿಟ್ಟದ್ದಕ್ಕೂ ಕಮಾನು ಆಫ್ ಮಾಡಿಸಿದ್ದಕ್ಕೂ ಮ್ಯಾನೇಜರ್ ಎರಡನೇ ಆರೋಪಿಯಾದ. ಠಾಣೆಯಲ್ಲಿ ಕನ್ನಡಕದಮ್ಮ ಹೇಳಿಕೆ ಬರೆದುಕೊಳ್ಳುವಾಗ ದೊಡ್ಡಕ್ಕ ಏನನ್ನೂ ಮುಚ್ಚಿಡಲಿಲ್ಲ.

ತಿಂಗಳ ಕೊನೆಗೆ ಕೈ ಮೇಜು ಮುಚ್ಚುವುದು, ಹದಿನಾರೂ ಜನರನ್ನು ಮನೆಗೆ ಕಳಿಸುವುದು ಎಂದು ತೀರ್ಮಾನವಾಗಿತ್ತು. ಅದನ್ನು ಹುಡುಗಿಯರಿಗೆ ತಿಳಿಸುವ ಕೆಲಸವನ್ನು ಮ್ಯಾನೇಜರ್ ಅವಳಿಗೇ ಒಪ್ಪಿಸಿದ್ದ. ಹನ್ನೆರಡು ದಿನ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಯಂತ್ರ ತುಂಬಿದ ಚೀಲದಲ್ಲಿ ಸೂಜಿ ಬಂತೆಂದರೆ ಯಂತ್ರವನ್ನು ವಾಪಸು ಕಳಿಸುತ್ತಾರೆ ಎಂದು ಲೆಕ್ಕ ಹಾಕಿದ್ದಳು. ಹತ್ತು ಹೆಜ್ಜೆ ಮುಂದೆ ಕಮಾನು ಇದೆ, ಅದು ಹಿಡಿದೇ ಹಿಡಿಯುತ್ತದೆ, ಒಂದು ಚೀಲವೂ ಗೇಟು ದಾಟುವುದಿಲ್ಲ ಎಂದು ನಂಬಿದ್ದಳು.

"ಹಿಡೀತು ದೊಡ್ಡಕ್ಕಾ," ಎಂದರು ಇನ್‌ಸ್ಪೆಕ್ಟರು. "ನಾಲ್ಕು ಸಲ ಹಿಡೀತು. ಅದನ್ನ ಆಫ್ ಮಾಡಿದಾಗ ನೀನು ಅಲ್ಲೇ ಕೂತಿದ್ದೆ. ಯಾಕೆ ಕೂಗಲಿಲ್ಲ?"

"ಕೂಗಬೇಕು ಅಂತ ಎದ್ದೆ ಸಾರ್."

"ಆಮೇಲೆ?"

"ನಾಲ್ಕು ಸಲ ಬೆಲ್ಟು ನಿಂತಿತ್ತಲ್ಲಾ, ಲಾರಿಗೆ ಮಾಲು ಸಾಲದು ಅಂತ ಮ್ಯಾನೇಜರ್ ಓಡಿ ಬಂದು ಹುಡುಗೀರ ಮುಂದೆ ಕೈ ಮುಗಿದ. ಬೇಗ ಬೇಗ ತುಂಬಿಕೊಡ್ರಮ್ಮಾ ಅಂದ. ಅವರು ನಗ್ತಾ ನಗ್ತಾ ತುಂಬ್ತಿದ್ರು. ಎಷ್ಟೋ ದಿನ ಆಗಿತ್ತು ಅವರು ಹಾಗೆ ನಕ್ಕು. ನಾನು ಅದನ್ನೇ ನೋಡ್ತಾ ನಿಂತೆ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ತಿರುಗಿ ನೋಡೋ ಹೊತ್ತಿಗೆ ಪೆಟ್ಟಿಗೆ ಲಾರಿ ಹತ್ತಿತ್ತು."

"ಅವತ್ತು ಬಿಡು. ಮಾರನೇ ದಿನ ಹೇಳಬಹುದಿತ್ತು."

"ಹೇಳಬಹುದಿತ್ತು," ಎಂದಳು.

ಇನ್‌ಸ್ಪೆಕ್ಟರು ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ "ಸಹ ಕೆಲಸಗಾರರನ್ನು ಉಳಿಸಿಕೊಳ್ಳುವುದು" ಎಂದು ಬರೆದರು. ಓದಿಕೊಂಡರು. ಡ್ರೈವರಮ್ಮನ ಪಟ್ಟಿ ಕಟ್ಟಿದ ಮುಖ ನೆನಪಾಗಿ, ಅದರ ಮುಂದೆ "ಅಪಾಯ ತಿಳಿದ ಮೇಲೂ ಏಳು ದಿನ ಮೌನ" ಎಂದು ಸೇರಿಸಿದರು. ಎರಡೂ ನಿಜ. ಯಾವುದನ್ನೂ ಹೊಡೆದುಹಾಕಲು ಅವರಿಗೆ ಕೈ ಬರಲಿಲ್ಲ.

"ಆ ಬಸ್ಸಿನಮ್ಮಂದು ಯಾವ ಕಣ್ಣು ಸಾರ್?" ದೊಡ್ಡಕ್ಕ ಕೇಳಿದಳು.

"ಎಡಗಣ್ಣು."

ಅವಳು ಅಂಗೈಯಿಂದ ತನ್ನ ಎಡಗಣ್ಣು ಮುಚ್ಚಿಕೊಂಡಳು. ಹಾಗೆಯೇ ಠಾಣೆಯ ಬಾಗಿಲು, ಗೋಡೆ, ಬೆಂಚು, ಕಿಟಕಿಯಾಚೆ ಹೋಗುತ್ತಿದ್ದ ಬಂಡಿಗಳು, ಒಂದೊಂದನ್ನೇ ನೋಡುತ್ತಾ ಹೋದಳು. ಜೀಪು ಬಂದಿದೆ ಎಂದು ಪೇದೆ ಬಂದು ಕರೆದಾಗಲೂ ಕೈ ತೆಗೆಯಲಿಲ್ಲ. ಮೆಟ್ಟಿಲು ಇಳಿಯುವಾಗ ಹೆಜ್ಜೆ ತಪ್ಪಿದಳು. ಕನ್ನಡಕದಮ್ಮ ತೋಳು ಹಿಡಿದುಕೊಂಡಳು.