ಸಗರದಾಗ ಕಟ್ಟಿಗಿ ಕೈಂಚಿ ಕಳುವಾದದ್ದು

ಇದರಾಗ ಒಂದಕ್ಷರ ಸುಳ್ಳಿದ್ರ ನನ್ನ ನಾಲಿಗಿ ಮ್ಯಾಲ ಕಾದ ಹಂಚು ಇಡ್ರಿ.

ಸಗರದ ಮಂದಿ ಮುಂಜಾನೆ ಎದ್ದು ನೋಡಿದ್ರ, ಸಮುದಾಯ ಭವನದ ಗ್ವಾಡಿ ಮ್ಯಾಲಿದ್ದ ಎರಡು ಕೈಂಚಿಯೊಳಗ ಒಂದು ಮಾಯ.

ಕೈಂಚಿ ಅಂದ್ರ ಅರಿವಿ ಕತ್ತರಸೋದಲ್ಲ. ಮಾಳಗಿಗೆ ಹಾಕೋ ಪತ್ರಾಸು ತಗಡಿನ ಭಾರ ಹೊರೋ ಮೂರು ಮೂಲಿ ಚೌಕಟ್ಟು. ಈ ಭವನದ ಗ್ವಾಡಿ ಎದ್ದು ವರ್ಷಗಟ್ಟಲೆ ಆಗಿತ್ತು, ಮ್ಯಾಲ ಮಾತ್ರ ಆಕಾಶ. ಅರ್ಧ ಊರು ಕಟ್ಟಿಗಿ ಕೈಂಚಿ ಅಂತು, ಅರ್ಧ ಊರು ಕಬ್ಬಿಣದ್ದು ಅಂತು. ಈ ಜಗಳದಾಗ ಎರಡು ಲಗ್ನ ಮುರಿದಿದ್ವು, ಒಂದು ಎಮ್ಮಿ ಹಾಲು ಕೊಡೋದು ಬಿಟ್ಟಿತ್ತು. ಕಡೀಕ ಹಿರೇರು ಕುಂತು ತೀರ್ಮಾನ ಮಾಡಿದ್ರು: ಎರಡೂ ಏರಸೋಣ, ತೊಗರಿ ಚೀಲ ಜೋತು ಬಿಡೋಣ, ಯಾವುದು ಬಾಗ್ತದ ಅದು ಸೋತಂಗ.

ಕಬ್ಬಿಣದ್ದು ವೆಲ್ಡಿಂಗ್ ವಹಾಬ ಮಾಡಿದ್ದ. ಕಟ್ಟಿಗೀದು ಭಾಗಣ್ಣ ಮುತ್ಯಾನ ಹಳೇ ವಾಡೇದಾಗಿಂದು. ಅಜ್ಜನ ಕಾಲದ ಸಾಗವಾನಿ ಕೈಂಚಿ, ಇದ್ದಂಗೇ ಇಳಿಸಿ, ಕರ್ರಗ ಎಣ್ಣಿ ಬಡದು ಊರಿಗೆ ಕೊಟ್ಟಿದ್ದ. ಹಿಂದಿನ ಸಂಜೀಕ ಅದಕ್ಕ ಅರಿಶಿಣ ಕುಂಕುಮ ಹಚ್ಚಿ ಏರಿಸಿದ್ರು. ಈಗ ಅದೇ ಇಲ್ಲ.

ಕಟ್ಟಿಗಿ ಮಂದಿ ಸೀದಾ ವಹಾಬನ್ನ ಎಳಕೊಂಡು ಶಹಾಪುರ ಠಾಣಾಕ್ಕ ಬಂದ್ರು. ಯಾಕಂದ್ರ ಅವನ ಚೈನ್ ಪುಲ್ಲಿ ಗ್ವಾಡಿಗೆ ಜೋತಾಡಾಕತ್ತಿತ್ತು.

ಅವತ್ತೇ ವಹಾಬನ ಮಗಳು ಸಾಬೇರಾಳ ನಿಶ್ಚಯ. ಮಧ್ಯಾಹ್ನದ ನಮಾಜ್ ಮುಗಿಸಿ ಸುರಪುರದಿಂದ ಬೀಗರು ಬರೋರಿದ್ರು. ಹುಡುಗಿ ತಂದಿ ಕಳ್ಳತನದ ಮ್ಯಾಲ ಠಾಣಾದಾಗ ಕುಂತಾನ ಅಂತ ಗೊತ್ತಾದ್ರ, ಅವರು ಚಹಾನೂ ಮುಟ್ಟದಂಗ ಹೊಳ್ಳಿ ಹೋಗೋದು ಖರೆ.

ಕೇಸು ಬಂದು ಬಿದ್ದದ್ದು ಹೆಡ್ ಕಾನ್‌ಸ್ಟೇಬಲ್ ಯಶೋಧರಾಳ ಕೊರಳಿಗೆ.

"ಪುಲ್ಲಿ ನಿಂದೇ ಹೌದಲ್ಲ, ವಹಾಬ ಭಾಯಿ?"

"ಹೌದ್ರಿ ಮೇಡಂ. ಸಂಜೀಕ ಅಲ್ಲೇ ಬಿಟ್ಟು ಬಂದಿದ್ದೆ. ನಾ ಯಾಕ ಕದೀಲಿ? ಚೀಲ ಜೋತು ಬಿಟ್ಟಿದ್ರ ನಂದೇ ಗೆಲ್ತಿತ್ತು."

ಈ ಮಾತು ಆಕಿಗೆ ಸರಿ ಅನಸ್ತು. ಆದ್ರ ವಹಾಬ ಅಲ್ಲಿಗೆ ಬಿಡಲಿಲ್ಲ. ಕಬ್ಬಿಣ ಯಾಕ ಗೆಲ್ತದ ಅನ್ನೋದನ್ನ ಜೋಡಣಿ ಜೋಡಣಿ ಬಿಡಿಸಿ ಹೇಳಾಕ ಸುರು ಮಾಡಿದ. ಯಶೋಧರಾ ಬೈಕ್ ಚಾಲೂ ಮಾಡಿದ್ಲು.

* * *

ಸಗರದಾಗ ಆಕಿ ಕೇಳಿದ್ದು ಒಂದೇ ಮಾತು: ಯಾರನ್ನ ನೋಡೀರಿ?

ಹೋಟೆಲಿನಾಂವ ಕಬ್ಬಿಣದ ಕೆಳಗ ಕುಂತ್ರ ಬ್ಯಾಸಿಗ್ಯಾಗ ತಲಿ ಬೇಯ್ತದ ಅಂದ. ಭವನದ ಎದುರು ಅಂಗಳ ಬಳಿಯಾಕತ್ತಿದ್ದ ಮಸ್ತಾನಬಿ, ಕಟ್ಟಿಗಿ ಅಂದ್ರ ಗೆದ್ದಲಿಗೆ ಊಟ ಹಾಕಿದಂಗ ಅಂದ್ಲು. ಬಸವಲಿಂಗ ಮಾಸ್ತರಂತೂ ಆಕಿನ ನಿಂದರಿಸಿ, ಗಾಳಿ ಬಿಟ್ರ ಕಬ್ಬಿಣ ಹೆಂಗ ಕಿರಗುಡ್ತದ ಅಂತ ಬಾಯಿಲೆ ಮಾಡಿ ತೋರಿಸಿದ.

"ಮಾಸ್ತರ, ನಾ ಕೇಳಿದ್ದು ಕಳ್ಳನ ಸುದ್ದಿ."

"ಅದನ್ನೇ ಹೇಳಾಕತ್ತೇನ್ರಿ. ಮೊದಲನೇದು, ತುಕ್ಕು."

ಯಶೋಧರಾ ಹಲ್ಲು ಕಚ್ಚಿ ಭವನದ ಕಡೆ ನಡದ್ಲು. ಗ್ವಾಡಿ ಬುಡಕ್ಕ, ಹಿಂದಿನ ಸಂಜೀಕ ಕೈಂಚಿ ಏರಿಸಿ ಮಂದಿ ಹೋದ ಮ್ಯಾಲ ಹರವಿದ ಹಸೀ ಉಸುಕಿತ್ತು. ಟ್ರಾಕ್ಟರ್ ಗಾಲಿ ಗುರ್ತಿಲ್ಲ, ಬಂಡಿ ಗುರ್ತಿಲ್ಲ. ಇದ್ದದ್ದು ಇಬ್ಬರದೇ ಹೆಜ್ಜಿ. ಒಬ್ಬರು ಚಪ್ಪಲಿ ಮೆಟ್ಟಿದ್ರು. ಇನ್ನೊಬ್ಬರು ಬರಿಗಾಲು, ಬೆರಳ ಹತ್ರ ಕಾಲುಂಗುರದ ಅಚ್ಚು.

ಆಕಿ ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತ್ಲು. ಅಷ್ಟು ದೊಡ್ಡ ಸಾಗವಾನಿ ಕೈಂಚಿ ಹೊರಾಕ ಎಂಟು ಗಟ್ಟಿ ಆಳು ಬೇಕು. ಇಲ್ಲಿ ಬಂದದ್ದು ಗಂಡ ಹೆಂಡ್ತಿ. ಹೋಗೋ ಹೆಜ್ಜಿನೂ ಬರೋ ಹೆಜ್ಜಿಯಷ್ಟೇ ಹಗುರ.

* * *

ಇನ್ನ ಕೇಳಾಕ ಉಳಿದಾಂವ ಭಾಗಣ್ಣ ಮುತ್ಯಾ ಒಬ್ಬನೇ. ಕಟ್ಟಿಗಿ ಮಂದಿಗೆಲ್ಲಾ ಹಿರಿಯ. ಖುದ್ದ ಮಗನ ಲಗ್ನದಾಗ ಅಕ್ಕಿಕಾಳು ಬೀಳೋ ಹೊತ್ತಿನ್ಯಾಗೂ ಸಾಗವಾನಿ ಹೊಗಳಿದಾಂವ. ಇವನ ಮಾತಿನ್ಯಾಗ ಅರ್ಧ ದಿನ ಹೋತು ಅಂತ ಮನಸ್ಸು ಗಟ್ಟಿ ಮಾಡ್ಕೊಂಡೇ ಯಶೋಧರಾ ಅವನ ಕಟ್ಟಿ ಮ್ಯಾಲ ಕುಂತ್ಲು.

ಮುತ್ಯಾ ಕಳ್ಳತನ ಬಾಳ ಕೆಟ್ಟದ್ದು ಅಂದ. ಪೊಲೀಸರ ಕೆಲಸ ಕಷ್ಟದ್ದು ಅಂದ. ತೊಗರಿಗೆ ಹುಳ ಬಿದ್ದದ್ದು ಹೇಳಿದ. ಅಷ್ಟೇ. ಕಟ್ಟಿಗಿ ಅನ್ನೋ ಶಬ್ದ ಬಾಯಾಗ ಬರಲಿಲ್ಲ.

ಯಶೋಧರಾಳ ಕಿವಿ ನೆಟ್ಟಗಾದ್ವು. ಕುಡಿಯಾಕ ನೀರು ಬೇಕಂತ ಎದ್ದು ಒಳಗ ಹೋದ್ಲು. ಮುತ್ಯಾನ ಹೆಂಡ್ತಿ ಕರೆಮ್ಮ ಗಾಬರಿಯಾಗಿ ತಂಬಿಗಿ ಹಿಡಕೊಂಡು ಅಡ್ಡ ಬಂದ್ಲು. ಬಚ್ಚಲದಾಗ ಹಂಡೆದ ಕೆಳಗ ಉರಿ ಧಗಧಗ ಅನ್ನಾಕತ್ತಿತ್ತು. ದೇವರ ಜಗಲಿ ಮ್ಯಾಲ, ದೇವರ ಮಗ್ಗಲದಾಗ, ಮೊಳದುದ್ದ ಒಂದು ಕರೇ ಕಟ್ಟಿಗಿ ತುಂಡು. ಅದಕ್ಕ ಅರಿಶಿಣ ಕುಂಕುಮ.

ಯಶೋಧರಾ ಬೂಟು ತಗದು ಹತ್ರ ಹೋಗಿ ಹೆಬ್ಬೆರಳಿಲೆ ಒತ್ತಿದ್ಲು. ಬೆರಳು ಒಳಗೇ ಹೋತು.

"ಉಳಿದದ್ದೆಲ್ಲಾ ಒಲಿಗೆ ಹಾಕ್ಯಾರ್ರಿ," ಅಂದ್ಲು ಕರೆಮ್ಮ. "ಪೂಜಾ ಮಾಡಿದ್ದನ್ನ ಹೆಂಗ ಸುಡೂದು ಅಂತ ನಾನೇ ಬ್ಯಾಡ ಅಂದೆ."

* * *

ಮುತ್ಯಾ ಬಾಗಲದಾಗ ಬಂದು ನಿಂತಿದ್ದ. ಯಶೋಧರಾ ಹೇಳಿದ್ಲು: ಇಬ್ಬರು ಎತ್ತಿದ್ರಂದ್ರ ಕೈಂಚಿ ಒಳಗ ಪೊಳ್ಳು. ವಾಡೇದಿಂದ ಟ್ರಾಕ್ಟರಿಗೆ ಇಳಿಸಿದ್ದೂ ಪುಲ್ಲಿ, ಇಲ್ಲಿ ಏರಿಸಿದ್ದೂ ಪುಲ್ಲಿ, ಹಿಂಗಾಗಿ ಅದರ ಭಾರ ಎಷ್ಟಂತ ಯಾರ ಹೆಗಲಿಗೂ ಗೊತ್ತಿರಲಿಲ್ಲ. ಚೀಲ ಬಿದ್ರ ಗೆಲ್ಲೋ ವಹಾಬಗ ಕದಿಯೋ ಜರೂರಿರಲಿಲ್ಲ. ಸೋಲೋರಿಗೆ ಇತ್ತು. "ಇಡೀ ಊರು ಕಳ್ಳನ್ನ ಬಿಟ್ಟು ಕಟ್ಟಿಗಿ ಕಬ್ಬಿಣ ಅಂತು. ಕಟ್ಟಿಗಿ ಬಿಟ್ಟು ಕಳ್ಳನ ಮಾತಾಡಿದಾಂವ ನೀ ಒಬ್ಬನೇ, ಮುತ್ಯಾ."

ಮುತ್ಯಾ ಹೊಸ್ತಿಲ ಮ್ಯಾಲ ಕುಸಿದ. ಪೂಜಾ ಆದ ಮ್ಯಾಲ ಹೂವಿನ ಮಾಲಿ ಹಾಕಾಕ ಕೈಂಚಿಗೆ ಒಂದು ಮೊಳಿ ಹಚ್ಚಿದ್ನಂತ. ಸುತ್ತಿಗಿ ಬೇಕಾಗಲಿಲ್ಲಂತ, ಹೆಬ್ಬೆರಳೇ ಸಾಕಾತಂತ. ಮ್ಯಾಲ ಎಣ್ಣಿ, ಒಳಗ ಬರೇ ಗೆದ್ದಲು.

"ಕಬ್ಬಿಣ ಮಂದಿ ಮುಂದ ಅದು ಮುರದಿದ್ರ ನಾ ಊರಾಗ ಹೆಂಗ ತಿರಗಲಿ? ವಹಾಬನ ಹೆಸರು ನಾ ಹೇಳಿಲ್ಲ, ಯವ್ವಾ."

"ಅಲ್ಲ ಅಂತನೂ ಹೇಳಲಿಲ್ಲ. ಅವನ ಮಗಳ ನಿಶ್ಚಯ ಇವತ್ತು. ಏಳು, ರುಮಾಲು ಸುತ್ತು."

* * *

ಬೀಗರೂ ಬಂದ್ರು, ವಹಾಬನೂ ಠಾಣಾದಿಂದ ಬಂದ. ವಹಾಬನ ಮನಿ ಅಂಗಳದಾಗ ಗುಸುಗುಸು ಆಗಲೇ ಎದ್ದಿತ್ತು. ಭಾಗಣ್ಣ ಮುತ್ಯಾ ನಡುವ ನಿಂತು, ಕಂಕುಳದಾಗಿನ ತುಂಡು ಎಲ್ಲಾರಿಗೂ ತೋರಿಸಿ, ಕದ್ದಾಂವ ನಾನು, ಈ ವಹಾಬಗ ಬೊಟ್ಟು ಮಾಡೋರು ನನಗ ಮಾಡ್ರಿ ಅಂದ. ವಹಾಬ ಅವನ ಕೈ ಹಿಡದು ಮಗ್ಗಲದಾಗ ಕುಂದರಿಸಿಕೊಂಡ. ಸುರಪುರದ ಬೀಗ ಆ ತುಂಡು ನೋಡಿದ, ಮುತ್ಯಾನ ನೋಡಿದ, ಆಮ್ಯಾಲ ಹುಡುಗಿನ ಕರೀರಿ ಅಂದ. ಸಾಬೇರಾ ಶರಬತ್ ತಂದ್ಲು. ಮಾತು ಪಕ್ಕಾ ಆತು.

ಯಶೋಧರಾ ಮುಂಜಾನಿಂದ ಮೊದಲನೇ ಸಲ ಉಸಿರು ಬಿಟ್ಟು ಗ್ಲಾಸು ಬಾಯಿಗೆ ಹಚ್ಚಿದ್ಲು.

"ಅಲ್ರಿ," ಅಂದ ಬೀಗ, "ಈಗ ಭವನಕ್ಕ ಏನು ಹಾಕ್ತೀರಿ?"

ಭಾಗಣ್ಣ ಮುತ್ಯಾ ತುಂಡು ಕೆಳಗಿಟ್ಟ. ಮೀಸಿ ಸವರಿದ.

"ಒಂದು ಕೆಟ್ಟಿತ್ತಂದ್ರ ಕಟ್ಟಿಗಿ ಎಲ್ಲಾ ಕೆಟ್ಟದ್ದೇನು? ಮೇಡಂ, ನೀವೇ ಹೇಳ್ರಿ."

ಯಶೋಧರಾ ಗ್ಲಾಸು ಇಟ್ಟು, ಟೋಪಿ ಏರಿಸಿ, ಬೈಕಿನ ಕಡೆ ನಡದ್ಲು. ಮುತ್ಯಾ ಬೆನ್ನ ಹತ್ತಿದ.

"ಮೇಡಂ, ಎಲ್ಲಿಗೆ? ಕೇಳ್ರಿ ಇಲ್ಲೆ. ಕಬ್ಬಿಣ ಅಂದ್ರ ನಮ್ಮ ಬ್ಯಾಸಿಗ್ಯಾಗ—"