ಮಾದಯ್ಯನಹುಂಡಿ ಗೇಟಿನ ಪೆಟ್ಟಿಗೆ

"ವೈರ್‌ಲೆಸ್ ಅಂದ್ರೆ ನಿಮಗೆ ಗೊತ್ತಿರೋದು ಸೊಂಟದಲ್ಲಿ ಕುಂಯ್‌ಗುಟ್ಟೋ ವಾಕಿಟಾಕಿ ಒಂದೇ. ಲಾಠಿ ಹಿಡಿಯೋ ಕೈಗೆ ಇಂಥ ಕೇಸು ಕೊಟ್ಟಿದ್ದೇ ತಪ್ಪು."

ಸೆಪ್ಟೆಂಬರ್ ಒಂಬತ್ತು, ಬೆಳಿಗ್ಗೆ ಹತ್ತೂವರೆ. ಗುಂಡ್ಲುಪೇಟೆಯ ಠಾಣೆ ತುಂಬಿತ್ತು. ಜಮೀನು ತಕರಾರಿಗೆ ಬಂದ ಅಣ್ಣತಮ್ಮಂದಿರು, ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಹುಡುಗಿ, ಇಬ್ಬರು ಕಾನ್‌ಸ್ಟೇಬಲ್‌ಗಳು, ಲಾಕಪ್ಪಿನ ಸರಳು ಹಿಡಿದು ನಿಂತ ಬಸ್ ಡ್ರೈವರ್ ಕನಕರಾಜು, ಎಲ್ಲರೂ ಆ ಮಾತು ಕೇಳಿಸಿಕೊಂಡರು. ಅಂದವನು ರಸ್ತೆಯಂಚಿಗೆ ಎಚ್ಚರಿಕೆ ಪೆಟ್ಟಿಗೆ ಕೂರಿಸುವ ಕಂಪನಿಯ ಎಂಜಿನಿಯರ್ ಸುಧಾಕರ್. ಅನ್ನಿಸಿಕೊಂಡವರು ಇನ್‌ಸ್ಪೆಕ್ಟರ್ ಮಲ್ಲಿಕಾರ್ಜುನಸ್ವಾಮಿ.

ಹೆಡ್ ಕಾನ್‌ಸ್ಟೇಬಲ್ ಗೋವಿಂದಯ್ಯನ ಕಿವಿ ಕೆಂಪಾಯಿತು. ಇನ್‌ಸ್ಪೆಕ್ಟರ್ ಮಾತ್ರ ತಣ್ಣಗಾದ ಟೀ ಪಕ್ಕಕ್ಕಿಟ್ಟು, "ಕೂತ್ಕೊಳ್ಳಿ. ದೂರು ಕೊಡಿ" ಅಂದರು. ಅವರಿಗೆ ನಿದ್ದೆಯಿಲ್ಲದೆ ಎರಡು ರಾತ್ರಿ ಆಗಿತ್ತು. ಬೈಗುಳಕ್ಕೆ ಸಿಟ್ಟಾಗುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ನಡೆದದ್ದು ಇಷ್ಟು. ಚಾಮರಾಜನಗರ ರಸ್ತೆಯ ಮಾದಯ್ಯನಹುಂಡಿ ಗೇಟಿನಲ್ಲಿ ಏಳನೇ ತಾರೀಖು ಬೆಳಿಗ್ಗೆ ಶಿವಮ್ಮ ಎಂಬ ಹೆಂಗಸು ಬಸ್ಸಿಗೆ ಸಿಕ್ಕಿ ಸತ್ತಿದ್ದಳು. ತಲೆಯ ಮೇಲೆ ಚೆಂಡುಹೂವಿನ ಮೂಟೆ ಹೊತ್ತು, ರಸ್ತೆಯಾಚೆ ನಿಂತಿದ್ದ ಲಾರಿಗೆ ಹಾಕಲು ಓಡಿದ್ದಳು. ಆ ಗೇಟಿನಲ್ಲಿ ಜನ ಸಾಯಬಾರದು ಎಂದೇ ಆರು ತಿಂಗಳ ಹಿಂದೆ ಕಂಪನಿಯವರು ಕಂಬ ನೆಟ್ಟು ಪೆಟ್ಟಿಗೆ ಕೂರಿಸಿದ್ದರು. ಹೂ ಬಿಡಿಸುವ ಹೆಂಗಸರ ಕೊರಳಿಗೆ ಒಂದೊಂದು ಬಿಲ್ಲೆ ಕೊಟ್ಟಿದ್ದರು. ಬಿಲ್ಲೆಯವಳು ರಸ್ತೆಯಂಚಿಗೆ ಬಂದರೆ ಪೆಟ್ಟಿಗೆಗೆ ಗೊತ್ತಾಗಿ ಹಳದಿ ದೀಪ ಮಿನುಗುತ್ತದೆ. ಅದು ಗಾಳಿಯಲ್ಲೇ ಸುದ್ದಿ ಕಳಿಸಿ, ಬರುವ ಬಸ್ಸಿನ ಡ್ರೈವರ್ ಮುಂದಿನ ಯಂತ್ರ ಬೀಪ್ ಬೀಪ್ ಎಂದು ಕೂಗುತ್ತದೆ. ಉದ್ಘಾಟನೆಯ ದಿನ ಹಾರ ತುರಾಯಿ ಎಲ್ಲ ಆಗಿತ್ತು. ಶಿವಮ್ಮನ ಕೊರಳಲ್ಲಿ ಬಿಲ್ಲೆ ಇತ್ತು. ಹೆಣದ ಮೇಲೂ ಇತ್ತು.

"ಡ್ರೈವರ್ ಬಸ್ಸಿನ ಯಂತ್ರದ ವೈರು ಕಿತ್ತಿದ್ದಾನೆ. ಬೀಪ್ ಅಂದ್ರೆ ಇವರಿಗೆ ಕಿರಿಕಿರಿ. ಇದು ನನ್ನ ದೂರು" ಎಂದ ಸುಧಾಕರ್.

"ವೈರು ನಾನು ಮುಟ್ಟಿಲ್ಲ ಸಾರ್!" ಸರಳಿನ ಹಿಂದಿನಿಂದ ಕನಕರಾಜು ಕೂಗಿದ. "ಆ ರೂಟಿಗೆ ಅವತ್ತೇ ಮೊದಲು ಹೋಗಿದ್ದು. ಗೇಟ್ ಹತ್ರ ಕೂಗ್ತದೆ, ಕೂಗಿದ್ರೆ ನಿಧಾನ ಮಾಡು ಅಂದಿದ್ರು. ಕೂಗ್ಲಿಲ್ಲ. ಅದಕ್ಕೇ ಕಾಲು ಬ್ರೇಕಿಗೆ ಹೋಗ್ಲಿಲ್ಲ."

ಅವನ ಹೆಂಡತಿ ಹೊರಗಿನ ಬೇವಿನ ಕಟ್ಟೆಯ ಮೇಲೆ ಎರಡು ದಿನದಿಂದ ಕೂತಿದ್ದಳು. ನಿರ್ಲಕ್ಷ್ಯದ ಸಾವಿನ ಎಫ್‌ಐಆರ್ ಆಗಲೇ ಅವನ ಮೇಲಿತ್ತು. ವೈರು ಕಿತ್ತ ಆಪಾದನೆಯೂ ಸೇರಿದರೆ ಕೆಲಸವೂ ಹೋಗುತ್ತದೆ, ಅವನೂ ಜೈಲಿಗೆ ಹೋಗುತ್ತಾನೆ.

ಇನ್‌ಸ್ಪೆಕ್ಟರ್ ಬಸ್ಸನ್ನು ಹಿಂದಿನ ದಿನವೇ ಪರೀಕ್ಷೆ ಮಾಡಿಸಿದ್ದರು. ವೈರು ನೆಟ್ಟಗಿತ್ತು.

"ಸುಧಾಕರ್, ಗೇಟಿನ ಪೆಟ್ಟಿಗೆ ಮೂಕಾದ್ರೆ ನಿಮ್ಮ ಆಫೀಸಿಗೆ ಗೊತ್ತಾಗುತ್ತಾ?"

"ಆಗುತ್ತೆ. ಸ್ಕ್ರೀನ್ ಮೇಲೆ ಕೆಂಪು ತೋರಿಸುತ್ತೆ."

"ಅಲ್ಲಿ ಯಾವಾಗಾದ್ರೂ ತೋರಿಸಿತ್ತಾ?"

"ಒಂದೆರಡು ತಿಂಗಳಿಂದ ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಬರ್ತಿತ್ತು. ಕಾಡಂಚು ಅಲ್ವಾ, ನೆಟ್‌ವರ್ಕ್ ಸಮಸ್ಯೆ ಅಂದ್ಕೊಂಡ್ವಿ."

"ಹೋಗಿ ನೋಡಿದ್ರಾ?"

"ತಾನೇ ಸರಿ ಹೋಗ್ತಿತ್ತಲ್ಲ."

"ಏಳನೇ ತಾರೀಖು?"

ಸುಧಾಕರ್ ಮೊಬೈಲ್ ನೋಡತೊಡಗಿದ.

"ಅವತ್ತೂ ಬಂದಿತ್ತು" ಅಂದ ಕೊನೆಗೆ.

"ಗೋವಿಂದಯ್ಯ, ಜೀಪ್ ತೆಗೆಸಿ."

ಮಧ್ಯಾಹ್ನದ ಬಿಸಿಲಿಗೆ ಗೇಟಿನ ರಸ್ತೆ ಕಾದಿತ್ತು. ಟಾರಿನ ಮೇಲೆ ಅರೆದುಹೋದ ಹೂವಿನ ಕಲೆ ಇನ್ನೂ ಹಳದಿಯಾಗಿತ್ತು. ಊರಿನ ಇಬ್ಬರು ಪಂಚರನ್ನು ಕರೆಸಿ ಗೋವಿಂದಯ್ಯ ಪಂಚನಾಮೆ ಶುರು ಮಾಡಿದ. ಕಂಬ, ಅದರ ತುದಿಯಲ್ಲಿ ಕೈ ಎತ್ತಿದರೆ ಎಟುಕುವಷ್ಟು ಮೇಲೆ ಬೂದು ಪೆಟ್ಟಿಗೆ, ಎದುರಿಗೆ ಹೊಂಗೆ ಮರ, ಅದರಾಚೆ ಲಂಟಾನ ಪೊದೆ. ಪೆಟ್ಟಿಗೆಯ ನಾಲ್ಕೂ ಅಂಚಿನಲ್ಲಿ ಬಣ್ಣ ಕೆತ್ತಿಹೋಗಿತ್ತು, ಏನನ್ನೋ ಹಾಕಿ ತೆಗೆದು ಮಾಡಿದಂತೆ.

ಶಿವಮ್ಮನ ಜೊತೆ ಹೂ ಬಿಡಿಸುತ್ತಿದ್ದ ಮೂಗಮ್ಮನನ್ನು ಕರೆತಂದರು. ಕೊರಳಲ್ಲಿ ಬಿಲ್ಲೆ ಇತ್ತು.

"ದಿನಾ ಹೆಂಗೆ ದಾಟ್ತೀರೋ ಹಂಗೇ ದಾಟಿ ತೋರಿಸಮ್ಮ."

ಮೂಗಮ್ಮ ರಸ್ತೆಯಂಚಿಗೆ ಬಂದಳು. ಪೆಟ್ಟಿಗೆಯ ಹಳದಿ ದೀಪ ಚಕಚಕ ಮಿನುಗಿತು. ಯಂತ್ರ ಸರಿಯಾಗಿಯೇ ಇತ್ತು. ಆದರೆ ಅವಳು ದೀಪದ ಕಡೆ ನೋಡಲೇ ಇಲ್ಲ. ಅವಳ ಕಣ್ಣು ನೆಟ್ಟಗೆ ಹೊಂಗೆ ಮರದ ಬುಡಕ್ಕೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಅವಳು ನಿಂತೇ ಇದ್ದಳು.

ಇನ್‌ಸ್ಪೆಕ್ಟರ್ ಮರದ ಬುಡಕ್ಕೆ ಹೋದರು. ಹುಲ್ಲು ಸವೆದು ಎರಡು ಪಾದದಗಲ ನೆಲ ನುಣುಪಾಗಿತ್ತು. ಸುತ್ತ ಬೀಡಿ ತುಂಡುಗಳು.

"ಇಲ್ಲಿ ಯಾರು ನಿಲ್ತಿದ್ರು?"

"ಯಾರೂ ಇಲ್ಲ ಸ್ವಾಮಿ."

"ಮತ್ತೆ ಯಾರನ್ನ ನೋಡ್ದೆ?"

ಮೂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಪೊದೆಯೊಳಗಿಂದ ಗೋವಿಂದಯ್ಯನ ಬೈಗುಳ ಕೇಳಿಸಿತು. ಮುಳ್ಳು ಗೀರಿದ ಕೈಯಲ್ಲಿ ಅವನು ಒಂದು ಎಣ್ಣೆ ಡಬ್ಬ ಹಿಡಿದು ಬಂದ. ತಳ ಹಾಗೇ ಬಿಟ್ಟು, ಬಾಯಿ ಕತ್ತರಿಸಿ ಅಂಚು ಮಡಿಸಿದ ತಗಡಿನ ಡಬ್ಬ. ಪಂಚರ ಮುಂದೆಯೇ ಪೆಟ್ಟಿಗೆಯ ಮೇಲೆ ಕವುಚಿದರು. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಮೂಗಮ್ಮ ಅಲ್ಲೇ ರಸ್ತೆಯಂಚಿನಲ್ಲಿ ನಿಂತಿದ್ದಳು. ಡಬ್ಬದ ಕೆಳಗೆ ಇಣುಕುತ್ತಿದ್ದ ದೀಪ ಆರಿತು.

"ತಗಡು ಹಾಕಿದ್ರೆ ಸುದ್ದಿ ಒಳಕ್ಕೂ ಬರಲ್ಲ, ಆಚೆಗೂ ಹೋಗಲ್ಲ ಅನ್ನಿ" ಎಂದ ಗೋವಿಂದಯ್ಯ.

"ಹೇಳಮ್ಮ. ಒಳಗೆ ಒಬ್ಬ ಡ್ರೈವರ್ ಕೂತವ್ನೆ. ಅವನ ಹೆಂಡತಿ ಊಟ ಬಿಟ್ಟವಳೆ" ಎಂದರು ಇನ್‌ಸ್ಪೆಕ್ಟರ್.

"ಬೀರಣ್ಣ ಸ್ವಾಮಿ" ಮೂಗಮ್ಮ ಅತ್ತೇಬಿಟ್ಟಳು. "ಬೀರಣ್ಣ ನಿಂತ್ಕತಿದ್ದ. ಕೆಂಪು ಬಟ್ಟೆ ಹಿಡ್ಕಂಡು ಸೀಟಿ ಊದೋನು, ಬಸ್ಸು ನಿಲ್ಲೋವು, ನಾವು ದಾಟ್ತಿದ್ದೋ. ಪಂಚಾಯ್ತಿಯೋರು ಇಪ್ಪತ್ತು ವರ್ಸದಿಂದ ಮಡಗಿದ್ರು ಅವನ್ನ. ಈ ಪೆಟ್ಗೆ ಬಂದ್ಮೇಲೆ ಬ್ಯಾಡ ಓಗು ಅಂದ್ಬುಟ್ರು. ಎರಡು ತಿಂಗ್ಳಿಂದ ತಿರ್ಗಾ ಬಂದು ನಿಂತ್ಕತಿದ್ದ. ತಿರ್ಗಾ ತಕ್ಕಂಡವ್ರೆ ಅಂದ್ಕಂಡೋ."

"ಡಬ್ಬ ಹಾಕೋದು ನೋಡಿದ್ದೆಯಾ?"

"ಮಳೆಗೆ ನೆನೀದಿರ್ಲಿ ಅಂತ ಪೆಟ್ಗೆಗೆ ಟೋಪಿ ಇಕ್ತಾವ್ನೆ ಅಂತ ನಗಾಡ್ತಿದ್ದೋ. ದೀಪ ಉರೀತದೋ ಇಲ್ವೋ ಯಾರ್ ನೋಡಾರು ಸ್ವಾಮಿ? ಸೀಟಿ ಊದುದ್ರೆ ದಾಟೋದು."

"ಏಳನೇ ತಾರೀಖು ಅವನಿರಲಿಲ್ವಾ?"

"ಬೆಳಿಗ್ಗೆ ಇದ್ದ. ನಾವು ಹೂ ತಕ್ಕಂಡು ಬರೋವೊತ್ಗೆ ಇರ್ನಿಲ್ಲ. ಲಾರಿಯೋನು ಹಾರನ್ ಒಡೀತಾವ್ನೆ. ತಡಿ ಕಣಮ್ಮಿ, ಬೀರಣ್ಣ ಬರ್ಲಿ ಅಂದೆ. ಶಿವಿ ಕೇಳ್ನಿಲ್ಲ. ಕೊರಳಲ್ಲಿ ತಾಳಿ ಜೊತೆಗೆ ಈ ಬಿಲ್ಲೆಯೂ ಅದೆಯಲ್ಲ, ಬಸ್ಸೇ ನಿಂತ್ಕತದೆ ಬುಡು ಅಂದ್ಬುಟ್ಟು ಓಡುದ್ಲು."

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

"ನೀವು ಪೆಟ್ಗೆ ವಿಚಾರ ಕೇಳುದ್ರಿ, ಬಸ್ಸಿನ ವಿಚಾರ ಕೇಳುದ್ರಿ. ಬೀರಣ್ಣನ ವಿಚಾರ ಯಾರ್ ಕೇಳುದ್ರು?"

ಮೂಗಮ್ಮ ಬೀರಣ್ಣ ಎಂದ ಆ ಬೀರಯ್ಯನ ಮನೆಗೆ ಬೀಗ. ಸಂತೆಮರಹಳ್ಳಿಯಲ್ಲಿ ಮಗಳಿದ್ದಾಳೆ ಎಂದರು ಪಕ್ಕದ ಮನೆಯವರು. ಅಂದು ಅಲ್ಲಿ ಸಂತೆ. ಜೀಪು ಜನದೊಳಗೆ ತೆವಳುತ್ತ ಸರ್ಕಲ್ ಹತ್ತಿರ ಬಂದು ನಿಂತುಹೋಯಿತು. ಮುಂದೆ ಬಸ್ಸುಗಳೂ ನಿಂತಿದ್ದವು. ಗೋವಿಂದಯ್ಯ ತಲೆ ಹೊರಗೆ ಹಾಕಿ, "ಯಾವನ್ಲಾ ಅವನು ಅಡ್ಡ ನಿಂತಿರೋನು?" ಎಂದ.

ರಸ್ತೆಯ ನಟ್ಟನಡುವೆ ಒಬ್ಬ ಮುದುಕ. ಬಾಯಲ್ಲಿ ಸೀಟಿ, ಕೈಯಲ್ಲಿ ಕೆಂಪು ಟವೆಲು. ಕುರಿ ಹಿಡಿದವರು, ಸೊಪ್ಪಿನ ಪುಟ್ಟಿ ಹೊತ್ತವರು ಅವನ ಕೈ ನೋಡಿಕೊಂಡು ದಾಟುತ್ತಿದ್ದರು. ಯಾರೂ ಅವನನ್ನು ಅಲ್ಲಿ ನಿಲ್ಲಿಸಿರಲಿಲ್ಲ.

ಇನ್‌ಸ್ಪೆಕ್ಟರ್ ಇಳಿದು ಹತ್ತಿರ ಹೋದರು. ಬೀರಯ್ಯ ಖಾಕಿ ನೋಡಿದ. ಓಡಲಿಲ್ಲ.

"ಒಂದ್ ಗಳಿಗೆ ಸ್ವಾಮಿ. ಆ ಬಸುರಿ ಹೆಂಗ್ಸು ದಾಟ್ಕಳ್ಳಿ."

ಅವಳು ದಾಟಿದಳು. ಸಂಜೆ ನಾಲ್ಕೂಕಾಲಿಗೆ ದಸ್ತಗಿರಿ ಆಯಿತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದು ಗೋವಿಂದಯ್ಯ, ಕೇಳಿದ್ದು ಇನ್‌ಸ್ಪೆಕ್ಟರ್.

"ತಗಡು ಹಾಕಿದ್ರೆ ಮೂಕಾಗ್ತದೆ ಅಂತ ಹೆಂಗೆ ಗೊತ್ತಾಯ್ತು?"

"ಕಂಬಕ್ಕೆ ಬಣ್ಣ ಬಳಿಯೋರು ಒಂದಿನ ತಗಡು ಮುಚ್ಚಿದ್ರು. ದೀಪ ಕೆಟ್ಟೋಯ್ತು, ಅವರವರೇ ಬೈದಾಡ್ಕಂಡ್ರು. ನೋಡ್ಕಂಡೆ."

"ಯಾಕೆ ಹಾಕ್ದೆ? ಪೆಟ್ಟಿಗೆ ಇರಲಿ, ನೀನೂ ನಿಲ್ಲಬಹುದಿತ್ತಲ್ಲ."

"ನಿಂತಿದ್ದೆ ಸ್ವಾಮಿ ಮೊದ್ಲು. ನಾನು ಸೀಟಿ ಊದೋಕೆ ಮುಂಚೆ ಬಸ್ಸು ನಿಂತೋಗೋದು. ಐಕ್ಳು ಕೇಳವು, ತಾತ ಯಾರಿಗ್ ಊದ್ತಿದ್ದಯ್ಯ ಅಂತ. ಅದಕ್ಕೇ ಬಂದ ತಕ್ಸಣ ಡಬ್ಬ ಇಕ್ಕದು, ಹೋಗೋವಾಗ ತಕ್ಕಳದು. ನಾನಿರೋಗಂಟ ಯಾರ್ಗೂ ಏನೂ ಆಗ್ನಿಲ್ಲ. ಒಬ್ರಿಗೂ ಆಗ್ನಿಲ್ಲ."

"ಅವತ್ತು ಯಾಕೆ ಬಿಟ್ಟು ಹೋದೆ?"

"ಬೂದಿ ಬಣ್ಣದ ಕಾರು ಬಂತು. ಕಂಪ್ನಿ ಸಾಹೇಬ್ರು. ಒಳಗೆ ಪ್ಯಾಟೆ ಜನ. ಕನ್ನಡಿ ಇಳ್ಸಿ, ಬಂದು ಆ ಕೆಂಪು ಬಟ್ಟೆ ಕೊಡು ಅಂದ್ರು. ಕೊಟ್ಟೆ. ಚರಂಡಿಗೆ ಎಸೆದ್ರು. ಬೆದರುಗೊಂಬೆ ತರ ನಿಂತ್ಕಂಡು ನಮ್ಮ ಮಾನ ತೆಗೀತೀಯಲ್ಲೋ, ಕಂಬಕ್ಕಿರೋ ಬುದ್ಧಿ ನಿಂಗಿಲ್ಲ ಅಂದ್ರು. ಒಳಗಿರೋರು ನಕ್ರು. ಗದ್ದೇಲಿದ್ದೋರೂ ತಿರುಗಿ ನೋಡುದ್ರು." ಬೀರಯ್ಯ ಅಂಗೈ ಒರೆಸಿಕೊಂಡ. "ತಲೆ ತಗ್ಗಿಸ್ಕಂಡು ಹೊಂಟೋದೆ. ಡಬ್ಬ ಗ್ಯಾನಕ್ಕೇ ಬರ್ನಿಲ್ಲ. ಕೆರೆ ಏರಿ ತಾವ ಇದ್ದೆ, ಕೂಗು ಕೇಳುಸ್ತು. ಓಡ್ಬಂದೆ. ಡಬ್ಬ ಕಿತ್ತೆ. ಶಿವಮ್ಮ ಅಲ್ಲಿ ಬಿದ್ದವ್ಳೆ, ಆಗ ಹತ್ಕಂತು ದೀಪ. ಆವಮ್ಮ ಮದ್ವೆಯಾಗಿ ಬಂದ ದಿಸ ರಸ್ತೆ ದಾಟ್ಸಿದ್ದೂ ನಾನೇ ಸ್ವಾಮಿ."

ಗೋವಿಂದಯ್ಯನ ಪೆನ್ನು ನಿಂತಿತು. "ಬರೀರಿ" ಎಂದರು ಇನ್‌ಸ್ಪೆಕ್ಟರ್. ಹೆಬ್ಬೆಟ್ಟು ಒತ್ತಿಸಿಕೊಂಡರು.

ಕನಕರಾಜುವನ್ನು ಹೊರಗೆ ಬಿಟ್ಟರು. ಅವನ ಹೆಂಡತಿ ಕಟ್ಟೆಯಿಂದ ಎದ್ದು ಬಂದಳು. ಅವನಿಗೆ ಸಂತೋಷವೇನೂ ಆದಂತಿರಲಿಲ್ಲ. "ಕಿವಿ ಇನ್ನೂ ಕಾಯ್ತಾನೇ ಅದೆ ಸಾರ್, ಕೂಗ್ತದೇನೋ ಅಂತ" ಎಂದು ಮೆಟ್ಟಿಲಿಳಿದ.

ಸುದ್ದಿ ತಿಳಿದು ಆರು ಗಂಟೆಗೆ ಸುಧಾಕರ್ ಮತ್ತೆ ಬಂದ. ಮುಖ ಅರಳಿತ್ತು.

"ನೋಡಿದ್ರಾ? ನಮ್ಮ ಸಿಸ್ಟಮ್ಮಿನಲ್ಲಿ ದೋಷ ಇರಲಿಲ್ಲ. ಅದೊಂದು ರಿಪೋರ್ಟಿನಲ್ಲಿ ಬರೆದುಬಿಡಿ."

"ಏಳನೇ ತಾರೀಖು ಬೆಳಿಗ್ಗೆ ಗೇಟಿನಲ್ಲಿ ಕಾರು ನಿಲ್ಲಿಸಿದ್ರಾ?"

"ಹೌದು. ಗೆಸ್ಟ್‌ಗಳನ್ನ ಗೋಪಾಲಸ್ವಾಮಿ ಬೆಟ್ಟಕ್ಕೆ ಕರ್ಕೊಂಡು ಹೋಗ್ತಿದ್ದೆ. ದಾರೀಲಿ ನಮ್ಮ ಕಂಬ ತೋರಿಸಿದೆ."

"ಪೆಟ್ಟಿಗೆ ಮೇಲೆ ಡಬ್ಬ ಇತ್ತು."

"ಏನೋ ಇತ್ತು. ಕಂಟ್ರಾಕ್ಟರ್ ಮಳೆಗೆ ಹಾಕಿಸಿರಬೇಕು ಅಂದ್ಕೊಂಡೆ."

"ಇಳಿದು ನೋಡಲಿಲ್ಲ."

"ಗೆಸ್ಟ್‌ಗಳಿದ್ರು ಸಾರ್."

"ಬೀರಯ್ಯನಿಗೆ ಏನಂದ್ರಿ?"

ಸುಧಾಕರ್‌ಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ಓ, ಆ ಮುದುಕನಾ ಇವನು? ಗದರಿಸಿದೆ, ಅಷ್ಟೇ." ಬೆಂಚಿನ ತುದಿಯಲ್ಲಿ ಮೊಣಕಾಲು ಮಡಚಿ ಕೂತಿದ್ದ ಬೀರಯ್ಯನ ಕಡೆ ಒಮ್ಮೆ ನೋಡಿದ. ಬೀರಯ್ಯ ತಲೆ ಎತ್ತಲಿಲ್ಲ. ಠಾಣೆಯಲ್ಲಿದ್ದವರೆಲ್ಲ ಸುಧಾಕರನನ್ನೇ ನೋಡುತ್ತಿದ್ದರು. ಅವನು ನಗಲು ನೋಡಿದ.

"ಯಾಕೆ ಸಾರ್? ಗದರಿಸೋಕೂ ಸೆಕ್ಷನ್ ಇದ್ಯಾ?"

ಮಲ್ಲಿಕಾರ್ಜುನಸ್ವಾಮಿ ಮೇಜಿನ ಮೇಲಿದ್ದ ಟೋಪಿ ತೆಗೆದುಕೊಂಡರು. ಬೀರಯ್ಯನಿಗೆ ಟೀ ಕೊಡಿಸುವಂತೆ ಗೋವಿಂದಯ್ಯನಿಗೆ ಸನ್ನೆ ಮಾಡಿದರು. ಆಮೇಲೆ ಸುಧಾಕರನ ಪಕ್ಕದಿಂದಲೇ ಹಾದು, ಬೇವಿನ ಕಟ್ಟೆ ದಾಟಿ ರಸ್ತೆಯ ಕಡೆ ನಡೆದುಬಿಟ್ಟರು.