ಭೀಮಾ ಆಚೆಯ ಹೊಗೆ

"ಯಾರ್ರೀ ಅದು? ನಮ್ಮ ಗೋಡಿ ಯಾಕ ಏರೀರಿ?"

ಗೋಡೆಯ ಮೇಲಿದ್ದ ಶಿವಾನಂದ ಬೆಚ್ಚಿಬಿದ್ದ. ಕೈಯಲ್ಲಿದ್ದ ಗಾಜಿನ ಪಟ್ಟಿ ಜಾರಿ, ಕೆಳಗೆ ನಿಂತು ಕೂಗಿದ ಗುರುಬಾಯಿಯ ಕಾಲ ಬಳಿಯೇ ಚೂರಾಯಿತು!

೧೯೭೬ರ ಡಿಸೆಂಬರ್. ತಿಕೋಟಾದ ಹೊರಗಿನ ಇಟ್ಟಂಗಿ ಭಟ್ಟಿ. ಬೆಳಿಗ್ಗೆ ಎಂಟಾದರೂ ಸೂರ್ಯ ಕಾಣದಷ್ಟು ಬೂದು ಮಬ್ಬು. ಭಟ್ಟಿಯ ಮಾಲೀಕ ಗೊಲ್ಲಾಳಪ್ಪನಿಗೆ ಗುರುಬಾಯಿ ಒಬ್ಬಳೇ ಮಗಳು.

"ವಿಜಾಪುರದ ಕಾಲೇಜಿನ್ಯಾಗ ಕಲಸತೀನ್ರಿ. ಗಾಜಿಗೆ ವ್ಯಾಸಲೀನ್ ಹಚ್ಚಿಟ್ರ ಗಾಳ್ಯಾಗಿನ ಧೂಳ ಅಂಟತೈತಿ. ಈ ಮಬ್ಬು ಎಲ್ಲಿಂದ ಬರತೈತಿ ಅಂತ ನೋಡಾಕತ್ತೀನಿ."

'ಕಳ್ಳ ಅಲ್ಲ... ಎಷ್ಟು ಮೆತ್ತಗ ಮಾತಾಡ್ತಾನ!' ಎಂದುಕೊಂಡಳು ಗುರುಬಾಯಿ.

ಅಂದಿನಿಂದ ಪ್ರತಿ ವಾರ ಅವನು ಬಂದ. ಭೂತಗನ್ನಡಿಯಲ್ಲಿ ಧೂಳಿನ ಕಣ ತೋರಿಸಿದ. ಅವಳು ಚಹಾ ಕೊಟ್ಟಳು. ವಿಜಾಪುರದ ಜೋರಾಪುರ ಪೇಟೆಯ ತನ್ನ ಮನೆ, ತಾಯಿಯ ಕೆಮ್ಮು, ಎಲ್ಲ ಹೇಳಿಕೊಂಡ. ಅವನ ಬಸ್ಸಿನ ಹೊತ್ತು ಅವಳಿಗೆ ಬಾಯಿಪಾಠವಾಯಿತು!

ಒಂದು ದಿನ ದ್ರಾಕ್ಷಿ ತೋಟದ ಸಂಗಣ್ಣ ಸಿಟ್ಟಿನಿಂದ ಬಂದ.

"ಗೊಲ್ಲಾಳಪ್ಪ, ಭಟ್ಟಿ ಮುಚ್ಚು! ಊರ ಮಬ್ಬೆಲ್ಲ ನಿಂದ, ನನ್ನ ದ್ರಾಕ್ಷಿ ಹಾಳಾಗಾಕತ್ತೈತಿ. ಮಾಸ್ತರ ತೋರಿಸ್ಯಾರ, ನಿನ್ನ ಗೋಡಿ ಗಾಜ ಎಲ್ಲಕ್ಕಿಂತ ಕಪ್ಪ ಐತಿ. ಪಂಚಾಯ್ತಿಗೆ ಹೇಳತೀನಿ!"

ಬಾಗಿಲಲ್ಲಿದ್ದ ಗುರುಬಾಯಿ ತಿರುಗಿ ಗೋಡೆಯ ಗಾಜು ನೋಡಿದಳು. 'ಅವರಾ...?'

ಬಸ್ ಸ್ಟ್ಯಾಂಡಿಗೆ ಹೋಗಿ ಎಲ್ಲರೆದುರೇ ಶಿವಾನಂದನನ್ನು ತಡೆದಳು.

"ನಮ್ಮ ಮನಿ ಚಾ ಕುಡದು, ನಮ್ಮಪ್ಪನ ಅನ್ನಕ್ಕ ಕಲ್ಲ ಹಾಕಿದ್ರಿ!"

ಅವನ ಮುಖ ಬಾಡಿತು. "ಸಂಗಣ್ಣ ಕೇಳಿದ್ರು, ತೋರಿಸಿದೆ. ಅರ್ಧಾ ಮಾತಿಗೇ ಎದ್ದ ಹೋದ್ರು. ಭಟ್ಟಿ ಸನೇಕ ಹೊಗಿ ಹೆಚ್ಚು ಇರೂದು ಖರೇ. ಸುಳ್ಳ ಹೇಳಾಕ ನನಗ ಬರೂದಿಲ್ಲ. ಆದ್ರ ಇಡೀ ಸೀಮಿ ಮಬ್ಬು ಒಂದ ಭಟ್ಟೀದಲ್ರಿ!"

"ಹೆಂಗ ನಂಬಲಿ?"

"ಎಂಟ ದಿನ ಭಟ್ಟಿ ಹಚ್ಚಬ್ಯಾಡ್ರಿ. ಇಲ್ಲಿ, ಸುತ್ತಲ ಊರು ತೊರವ್ಯಾಗ, ಬಬಲೇಶ್ವರದಾಗ ಹೊಸಾ ಗಾಜ ಇಡತೀನಿ."

ಅವಳು ಭಟ್ಟಿಯತ್ತ ತಿರುಗಿ ನಡೆದಳು. ಅಲ್ಲಿ ಅಪ್ಪ ಹೊಸದಾಗಿ ಜೋಡಿಸಿದ ಭಟ್ಟಿಗೆ ಬೆಂಕಿ ಹಚ್ಚಲು ಅಣಿಯಾಗಿದ್ದ.

"ಯಪ್ಪಾ, ಎಂಟ ದಿನ ತಡಿ. ಒಂದ ಸಲ ನನ್ನ ಮಾತ ಕೇಳು..."

ಗೊಲ್ಲಾಳಪ್ಪ ಮಗಳ ಒದ್ದೆ ಕಣ್ಣು ನೋಡಿದ. ಕಡ್ಡಿಪೆಟ್ಟಿಗೆ ಅವಳ ಕೈಗಿಟ್ಟ.

ಭಟ್ಟಿ ತಣ್ಣಗಿತ್ತು. ಮಬ್ಬು ಮಾತ್ರ ಕರಗಲಿಲ್ಲ! ದಿನಾ ಬೆಳಿಗ್ಗೆ ಅವಳು ಗಾಳಿ ಎತ್ತಲಿಂದ ಬೀಸುತ್ತದೆಂದು ತಾನೇ ನೋಡಿದಳು.

ಒಂಬತ್ತನೆಯ ದಿನ, ಗೊಲ್ಲಾಳಪ್ಪ ಮತ್ತು ಸಂಗಣ್ಣನ ಮುಂದೆ ಶಿವಾನಂದ ಮೂರು ಗಾಜು ಇಟ್ಟ. ಮೂರರಲ್ಲೂ ಒಂದೇ ಬಗೆಯ ಸಣ್ಣ ಕಪ್ಪು ಪುಡಿ.

"ಭಟ್ಟಿ ಆರಿತ್ತಲ್ಲ, ಮತ್ತ ಇದು?" ಸಂಗಣ್ಣ ತಬ್ಬಿಬ್ಬಾದ.

"ಗಾಳಿ ಎಂಟೂ ದಿನ ಉತ್ತರದಿಂದನ ಬೀಸೇತಿ," ಎಂದಳು ಗುರುಬಾಯಿ.

ಶಿವಾನಂದನ ಕಣ್ಣು ಅರಳಿದವು. "ಹೌದ್ರಿ! ಭೀಮಾ ಹೊಳಿ ಆಚೆ, ದೂರದ ಹೊಲದಾಗ ಕಬ್ಬ ಕಡದ ಮ್ಯಾಲ ಉಳದ ಒಣಾ ರವದಿ ಸುಡತಾರ. ಚಳಿಗೆ ಹೊಗಿ ಮ್ಯಾಲ ಏರೂದಿಲ್ಲ. ನೆಲದ ಸನೇಕನ ಗಾಳಿ ಜೋಡಿ ಊರೂರ ದಾಟಿ ಬರತೈತಿ. ಅದಕ್ಕ ಭಟ್ಟಿ ಹೊಗೀನೂ ಕೂಡತೈತಿ. ತೋಟದ ಕಡೆ ಗಾಳಿ ಇದ್ದಾಗ ಹಚ್ಚಬ್ಯಾಡ್ರಿ ಕಾಕಾ."

"ಆತಪ್ಪ," ಎಂದ ಗೊಲ್ಲಾಳಪ್ಪ. ಸಂಗಣ್ಣ ತಲೆ ತಗ್ಗಿಸಿ ಅವನ ಕೈ ಹಿಡಿದ. ಪಂಚಾಯ್ತಿಯ ಮಾತು ಅಲ್ಲಿಗೇ ಮುಗಿಯಿತು.

ಗುರುಬಾಯಿ ಶಿವಾನಂದನ ಜೊತೆ ಬಸ್ಸಿನವರೆಗೆ ಬಂದಳು.

"ನಾಕ ಮಂದಿ ಮುಂದ ಬೈದೆ... ತಪ್ಪಾತ್ರಿ."

"ಬೈದ್ರಿ. ಆದ್ರ ನನ್ನ ಮಾತ ಪೂರ್ತಿ ಕೇಳಿದಾವ್ರು ನೀವೊಬ್ಬರ."

"ಇನ್ನ ಕೆಲಸ ಮುಗೀತು. ಬರೂದಿಲ್ಲೇನು?" ಎಂದಳು ಅವಳು.

"ಬರತೀನಿ. ನಿಮ್ಮನ್ನ ನೋಡಾಕ... ಗುರುಬಾಯಿ, ನನ್ನ ಮದಿವಿ ಆಗತೀರೇನು?"

ಅವಳ ಕೆನ್ನೆ ಕೆಂಪಾಯಿತು. "ನಮ್ಮಪ್ಪನ್ನ ಕೇಳ್ರಿ..."

"ಮೊದಲ ನಿಮ್ಮನ್ನ ಕೇಳಾಕತ್ತೀನಿ."

ಕಂಡಕ್ಟರ್ ಗಂಟೆ ಬಾರಿಸಿದ. ಶಿವಾನಂದ ಕದಲಲಿಲ್ಲ. ಗುರುಬಾಯಿ ಮೆಲ್ಲಗೆ ಅವನ ಚೀಲ ಇಸಿದುಕೊಂಡಳು.

"ಬಸ್ಸು ಹೋಗಲಿ ಬಿಡ್ರಿ... ಮನಿಗೆ ನಡೀರಿ. ಅಪ್ಪನ್ನ ಇವತ್ತ ಕೇಳೂಣು."